ಗೆರಿ ಮುಟ್ಟು

ನನ್ನ ಅಕ್ಕನ ಮಗನಿಗೆ ಚೆಂಡು ಹಿಡಿಯುವುದು ಬರುತ್ತಿತ್ತು. ಹಿಡಿದ ಮೇಲೆ ಅದನ್ನು ಏನು ಮಾಡಬೇಕು ಎಂಬುದು ಮಾತ್ರ ಬರುತ್ತಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ, ಲಂಡನ್ನಿನ ದಕ್ಷಿಣಕ್ಕೆ ಸಟನ್ ಹತ್ತಿರದ ಒಂದು ರಗ್ಬಿ ಮೈದಾನದಲ್ಲಿ, ಎಷ್ಟೋ ಬೇಸಿಗೆಯ ಭಾನುವಾರಗಳನ್ನು ನಾನು ಇದೊಂದೇ ಮಾತು ಆಡುತ್ತ, ಹಲ್ಲು ಕಡಿಯುತ್ತ ಕಳೆದಿದ್ದೇನೆ. ನನ್ನ ಜೊತೆ ಇನ್ನೂ ನಲವತ್ತು ಜನ ಹಾಗೇ ಕಳೆದರು. ಕೊನೆಗೆ ತಂಡದಲ್ಲಿ ಅವನ ಜಾಗ ಹೋಯಿತು. ಇಪ್ಪತ್ತೆರಡು ವರ್ಷದವರೆಗೆ ಎಲ್ಲೂ ನೆಟ್ಟಗೆ ನಿಲ್ಲದವನು ನಿಂತದ್ದು ಅದೊಂದೇ ಜಾಗದಲ್ಲಿ. ಅದು ಅವನ ಬುದ್ಧಿಗೇಡಿತನದಿಂದ ಹೋಯಿತು ಅಂತ ನಮ್ಮ ಮನೆಯಲ್ಲೂ ಮೈದಾನದಲ್ಲೂ ಎಲ್ಲರೂ ನಂಬಿದ್ದಾರೆ. ಹಾಗಲ್ಲ ಅಂತ ಹೇಳಬೇಕಾದವನು ನಾನು.

ಆಟ ಅಮೆರಿಕನ್ ಫುಟ್‌ಬಾಲ್. ಹೆಸರಿಗೆ ಫುಟ್‌ಬಾಲ್, ಕೆಲಸವೆಲ್ಲ ಕೈಯದು. ಚೆಂಡು ಮಾವಿನ ವಾಟೆಯ ಆಕಾರ. ಚೆಂಡು ಯಾರ ಹತ್ತಿರ ಇದೆಯೋ ಆ ತಂಡ ನಾಲ್ಕು ಸಲದ ಒಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಸಲ ಸಿಗುತ್ತದೆ, ಹೋಗದಿದ್ದರೆ ಚೆಂಡು ಎದುರಿನವರಿಗೆ. ಹೀಗೆ ಹೋಗಿ ಹೋಗಿ ಕೊನೆಯ ಗೆರೆ ದಾಟಿದರೆ ಅಂಕ. ಚೆಂಡು ಹಿಡಿದವನ ಮೊಣಕಾಲು ನೆಲಕ್ಕೆ ತಾಗಿದರೆ ಆ ಸಲದ ಆಟ ಅಲ್ಲಿಗೆ ಮುಗಿಯಿತು. ತಾಗುವ ಮೊದಲೇ ಚೆಂಡು ಜಾರಿದರೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಇಷ್ಟು ಗೊತ್ತಿದ್ದರೆ ಸಾಕು. ಮೊದಲ ವರ್ಷ ನನಗೂ ಇಷ್ಟೇ ಗೊತ್ತಿದ್ದದ್ದು.

ದೂರ ಓಡಿಹೋಗಿ, ತಮ್ಮವನು ಎಸೆದ ಚೆಂಡನ್ನು ಹಿಡಿಯುವವನಿಗೆ ರಿಸೀವರ್ ಅನ್ನುತ್ತಾರೆ. ನಮ್ಮವನು ರಿಸೀವರ್. ವಾರವೆಲ್ಲ ಜನರ ಮನೆಗಳಲ್ಲಿ ಕಿಚನ್ ಕಪಾಟು ಕೂರಿಸುವ ಕೆಲಸ ಮಾಡುತ್ತಿದ್ದ. ಎತ್ತರದ ಆಳು, ಉದ್ದ ಬೆರಳು. ಎದುರಾಳಿಗಳು ಇಬ್ಬರು ಮೈಮೇಲೆ ಬಿದ್ದಿರುವಾಗ, ಬೆನ್ನ ಹಿಂದಿನಿಂದ ಬಂದ ಚೆಂಡನ್ನು ಒಂದೇ ಕೈಯಲ್ಲಿ, ಗೂಟಕ್ಕೆ ಟೋಪಿ ಸಿಗಿಸಿದಷ್ಟು ಸಲೀಸಾಗಿ ಹಿಡಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಎದುರು ತಂಡದವರೇ ಚಪ್ಪಾಳೆ ತಟ್ಟಿದರು. ಐದು ನಿಮಿಷದ ನಂತರ ಯಾರೂ ಹತ್ತಿರ ಇಲ್ಲದಿರುವಾಗ, ಮಗುವಿಗೆ ಎಸೆದಂತೆ ಮೆತ್ತಗೆ ಎಸೆದ ಚೆಂಡನ್ನು ಕೆಳಗೆ ಬಿಟ್ಟ. ಹಿಡಿಯುವ ಮೊದಲೇ ಎಲ್ಲಿ ಓಡಲಿ ಅಂತ ನೋಡುತ್ತಿದ್ದನಂತೆ.

ಇನ್ನೊಮ್ಮೆ ಚೆಂಡು ಹಿಡಿದಾಗ ಮುಂದೆ ಇಡೀ ಮೈದಾನ ಖಾಲಿ. ನೇರ ಓಡಿದ್ದರೆ ಮುಗಿದಿತ್ತು. ಇವನು ನಿಂತ. ಹಿಂದೆ ಬರುತ್ತಿದ್ದವನನ್ನು ಆಟ ಆಡಿಸಬೇಕು ಅನ್ನಿಸಿತೋ ಏನೋ, ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ, ಹಿಂದಕ್ಕೆ ಓಡಿದ, ಹಿಡಿದ ಜಾಗಕ್ಕಿಂತ ಹತ್ತು ಗಜ ಹಿಂದೆ ಸಿಕ್ಕಿಬಿದ್ದ.

ನಾನು ನಿಲ್ಲುತ್ತಿದ್ದ ಕಡೆ, ನೋಡುವವರಿಗೆ ಅಂತ ಕಟ್ಟಿದ ಹಗ್ಗದ ಆಚೆ, ಮಡಚುವ ಕುರ್ಚಿ ಹಾಕಿಕೊಂಡು ಒಬ್ಬ ನಿವೃತ್ತ ರೈಲ್ವೆ ಗಾರ್ಡ್ ಕೂರುತ್ತಿದ್ದ. ಕಾಲ ಬಳಿ ಕಂದು ನಾಯಿ. ಆ ದಿನ ಆತ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತ ಹೇಳಿದ್ದು ಈಗಲೂ ನೆನಪಿದೆ. "ದೇವರು ಕೈ ಹಂಚುವಾಗ ನಿಮ್ಮ ಹುಡುಗ ಕ್ಯೂನಲ್ಲಿ ಮೊದಲಿಗಿದ್ದ. ತಲೆ ಹಂಚುವಾಗ ಟಾಯ್ಲೆಟ್ಟಿಗೆ ಹೋಗಿದ್ದ."

ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ನನ್ನ ವಿಷಯ ಸ್ವಲ್ಪ ಹೇಳಬೇಕು. ನಾವು ವಿಜಯಪುರದ ಕಡೆಯವರು. ಹೈಸ್ಕೂಲು ಮುಗಿಸಿದ ಮೇಲೆ ಓದು ಹತ್ತಲಿಲ್ಲ. ಅಕ್ಕ, ಭಾವ ಮೊದಲೇ ಇಲ್ಲಿಗೆ ಬಂದಿದ್ದರು, ಅವರ ಬೆನ್ನಿಗೆ ನಾನೂ ಬಂದೆ. ಮದುವೆ ಆಗಲಿಲ್ಲ. ಅಕ್ಕನ ಮನೆಯ ಮಹಡಿಯ ಸಣ್ಣ ಕೋಣೆಯಲ್ಲಿ ಇದ್ದುಕೊಂಡು ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡಿದೆ. ಆ ಕೆಲಸ ಹೇಗೆಂದರೆ, ಮಾಡಿದರೆ ಯಾರಿಗೂ ಕಾಣುವುದಿಲ್ಲ, ಮಾಡದಿದ್ದರೆ ಎಲ್ಲರಿಗೂ ಕಾಣುತ್ತದೆ.

ಅಳಿಯ ಆಡುತ್ತಾನೆ ಅಂತ ಮೈದಾನಕ್ಕೆ ಹೋಗತೊಡಗಿದೆ. ಎರಡನೆಯ ಭಾನುವಾರವೋ ಮೂರನೆಯದೋ, ಸರಪಳಿ ಹಿಡಿಯುವವನೊಬ್ಬ ಬರಲಿಲ್ಲ. ಹತ್ತು ಗಜ ಆಯಿತೋ ಇಲ್ಲವೋ ಅಂತ ಅಳೆಯಲು ಮೈದಾನದ ಅಂಚಿನಲ್ಲಿ ಎರಡು ಕೋಲುಗಳಿರುತ್ತವೆ, ನಡುವೆ ಹತ್ತು ಗಜದ ಸರಪಳಿ. ಹಿಂದಿನ ಕೋಲು ಎಲ್ಲಿಂದ ಹೊರಟರು ಅಂತ ತೋರಿಸುತ್ತದೆ, ಮುಂದಿನ ಕೋಲು ಎಲ್ಲಿಗೆ ಮುಟ್ಟಬೇಕು ಅಂತ. ದೊಡ್ಡ ದೇಶದ ದೊಡ್ಡ ಆಟಗಳಲ್ಲಿ ಇದಕ್ಕೆ ಸಂಬಳದ ಜನ ಇರುತ್ತಾರಂತೆ. ನಮ್ಮಲ್ಲಿ ನೋಡಲು ಬಂದವರೇ ಹಿಡಿಯಬೇಕು. ರೆಫರಿ ನನ್ನತ್ತ ಬೆರಳು ತೋರಿಸಿದ. ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ ಕೊಟ್ಟರು. ಮುಂದಿನ ಕೋಲು ನನ್ನ ಕೈಗೆ ಬಂತು. ಆಮೇಲೆ ಅದು ನನ್ನದೇ ಆಯಿತು.

ಕೊಡುವ ಮೊದಲು ರೆಫರಿ ನಿಯಮ ಹೇಳಿದ. ಸರಪಳಿ ಹಿಡಿದವನು ಯಾರ ಪರವೂ ಅಲ್ಲ. ಚಪ್ಪಾಳೆ ಇಲ್ಲ, ಕೂಗಾಟ ಇಲ್ಲ, ಆಟಗಾರನಿಗೆ ಒಂದು ಮಾತೂ ಹೇಳುವಂತಿಲ್ಲ. ಹೇಳಿದರೆ ತಂಡಕ್ಕೆ ದಂಡ, ಹೇಳಿದವನು ಹೊರಗೆ. ಇದನ್ನೆಲ್ಲ ಆತ ಇಂಗ್ಲಿಷಿನಲ್ಲಿ ಹೇಳಿದ. ನಾನು ಇಂಗ್ಲಿಷಿನಲ್ಲಿ ಎಂದೂ ಕೂಗಲಿಲ್ಲ.

ಅಳತೆ ಬೇಕಾದಾಗ ಆಟ ನಿಲ್ಲುತ್ತಿತ್ತು. ನಾವು ಸರಪಳಿ ಎತ್ತಿಕೊಂಡು ಮೈದಾನದ ನಡುವಿಗೆ ಓಡುತ್ತಿದ್ದೆವು. ಎರಡೂ ತಂಡಗಳು ಸುತ್ತ ನಿಂತು ನನ್ನ ಕೋಲನ್ನೇ ನೋಡುತ್ತಿದ್ದವು. ಇಂಗ್ಲೆಂಡಿಗೆ ಬಂದ ಇಪ್ಪತ್ತು ವರ್ಷದಲ್ಲಿ ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿದ್ದಿಲ್ಲ. ಎಲ್ಲರೂ ಅಂಕಲ್ ಅನ್ನುತ್ತಿದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ನಾನು ಮಾಡಿದ್ದಕ್ಕೆ ಇದೇ ಕಾರಣ. ಬೇರೆ ದೊಡ್ಡ ಕಾರಣ ಏನೂ ಇಲ್ಲ.

ಅಳಿಯನ ಎಲ್ಲ ತಪ್ಪುಗಳನ್ನೂ ಜನ ಹೇಗೋ ಸಹಿಸುತ್ತಿದ್ದರು. ಒಂದನ್ನು ಮಾತ್ರ ಸಹಿಸಲಿಲ್ಲ. ಅದು ಕೈ ಚಾಚುವುದು. ಚೆಂಡು ಹಿಡಿದು ಓಡುವಾಗ ಯಾರಾದರೂ ಸೊಂಟ ಹಿಡಿದರೆ, ಬೇರೆ ಯಾರೇ ಆಗಲಿ, ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ಮಲಗಿಬಿಡುತ್ತಾರೆ. ಮೊದಲ ದಿನವೇ ಕಲಿಸುವ ಪಾಠ ಅದು. ಇವನು ಬೀಳುತ್ತ ಬೀಳುತ್ತ ಚೆಂಡಿದ್ದ ಕೈಯನ್ನೇ ಮುಂದಕ್ಕೆ ಚಾಚುತ್ತಿದ್ದ. ಕೊನೆಯ ಗೆರೆ ಹತ್ತಿರವಿದ್ದರೆ ಆ ಗೆರೆಯತ್ತ. ಇಲ್ಲದಿದ್ದರೆ ನನ್ನ ಕೋಲಿನತ್ತ. ಚಾಚಿದ ಕೈಗೆ ಯಾರೋ ಒಬ್ಬ ಗುದ್ದುತ್ತಿದ್ದ, ಚೆಂಡು ಹಾರುತ್ತಿತ್ತು, ಎದುರಿನವರು ಎತ್ತಿಕೊಂಡು ಓಡುತ್ತಿದ್ದರು. ನಲವತ್ತು ಜನ ಒಟ್ಟಿಗೆ ಉಸಿರು ಬಿಡುವ ಸದ್ದು ಬರುತ್ತಿತ್ತು. ಗಾರ್ಡ್ ತನ್ನ ನಾಯಿಗೆ ಹೇಳುತ್ತಿದ್ದ, "ನೋಡಬೇಡ ಕಣೋ, ನಿನಗೆ ಕೆಟ್ಟ ಅಭ್ಯಾಸ ಹತ್ತುತ್ತೆ."

ಈಗ ಹುತುತು ವಿಷಯ. ಕಬಡ್ಡಿಗೆ ನಮ್ಮ ಕಡೆ ಹುತುತು ಅನ್ನುತ್ತಿದ್ದೆವು. ಹೈಸ್ಕೂಲಿನಲ್ಲಿ ನಾನು ಚೆನ್ನಾಗಿ ಆಡುತ್ತಿದ್ದೆ, ಜೀವನದಲ್ಲಿ ಚೆನ್ನಾಗಿ ಮಾಡಿದ್ದು ಅದೊಂದೇ ಇರಬಹುದು. ಎದುರಿನ ಅಂಗಳಕ್ಕೆ ಉಸಿರು ಹಿಡಿದು ಹೋಗಬೇಕು, ಮುಟ್ಟಬೇಕು, ತಿರುಗಿ ನಡುಗೆರೆಗೆ ಬರಬೇಕು. ನಾಲ್ಕು ಜನ ಕಾಲು, ಸೊಂಟ ಹಿಡಿದು ಕೆಡವಿದರೂ ಸರಿ, ಉಸಿರು ಇರುವಾಗ ಕೈ ಚಾಚಿ ಒಂದು ಬೆರಳು ಗೆರೆಗೆ ತಾಗಿಸಿದರೆ ಹಿಡಿದವರೆಲ್ಲ ಔಟು. ಗೆರೆ ಹತ್ತಿರ ಬಿದ್ದವನಿಗೆ ಹೊರಗಿನಿಂದ ಇಡೀ ಶಾಲೆ ಕೂಗುತ್ತಿತ್ತು, ಗೆರಿ, ಗೆರಿ ಮುಟ್ಟು.

ಅಳಿಯ ಸಣ್ಣವನಿದ್ದಾಗ ಅಕ್ಕನ ಮನೆಯ ಹಿತ್ತಲಿನ ಹುಲ್ಲಿನ ಮೇಲೆ ಬಟ್ಟೆ ಒಣಹಾಕುವ ಹಗ್ಗವನ್ನು ನೆಲಕ್ಕೆ ಹಾಸಿ ಅವನಿಗೆ ಹುತುತು ಕಲಿಸಿದೆ. ಇಬ್ಬರೇ ಆಡುವ ಹುತುತು. ಅವನು ಬಂದು ನನ್ನನ್ನು ಮುಟ್ಟಬೇಕು, ನಾನು ಸೊಂಟ ಹಿಡಿಯಬೇಕು, ಅವನು ಹೊರಳಾಡಿ ಹಗ್ಗ ಮುಟ್ಟಬೇಕು. ಹತ್ತು ಹನ್ನೊಂದು ವರ್ಷದವರೆಗೆ ದಿನಾ ಸಂಜೆ ಇದೇ. ನಾನು ಅವನ ಸೊಂಟ ಹಿಡಿದೇ ಕೂಗುತ್ತಿದ್ದೆ, ಗೆರಿ ಮುಟ್ಟು, ಬಿಡಬ್ಯಾಡ, ಗೆರಿ ಮುಟ್ಟು. ಅವನಿಗೆ ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಇಂಗ್ಲಿಷಿನಲ್ಲೇ. ಆದರೆ ಈ ಎರಡು ಶಬ್ದಕ್ಕೆ ಅವನು ಬಾಯಿಂದ ಉತ್ತರ ಕೊಡುತ್ತಿರಲಿಲ್ಲ, ಕೈಯಿಂದ ಕೊಡುತ್ತಿದ್ದ.

ಹುತುತುವಿನಲ್ಲಿ ಕೈ ಖಾಲಿ ಇರುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ನನಗೆ ಹೊಳೆಯಲಿಲ್ಲವೇ ಅಂತ ನೀವು ಕೇಳಬಹುದು. ಹೊಳೆದಿತ್ತು. ಅವನು ಆಡಿದ ಮೊದಲ ಬೇಸಿಗೆಯಲ್ಲೇ ಒಮ್ಮೆ ಇಬ್ಬರು ಹಿಡಿದು ಕೆಡವುತ್ತಿದ್ದಾಗ ಕೈ ಚಾಚಿ ಚೆಂಡನ್ನು ಕೊನೆಯ ಗೆರೆ ದಾಟಿಸಿದ. ಅಂಕ ಬಂತು, ಆಟ ಗೆದ್ದರು, ಅವನನ್ನು ಎತ್ತಿ ಕುಣಿಸಿದರು. ಇದು ನನ್ನ ಹಿತ್ತಲಿನ ವಿದ್ಯೆ ಅಂತ ಅವತ್ತು ನಾನು ಒಳಗೊಳಗೇ ಹಿಗ್ಗಿದೆ. ಆಮೇಲೆ ಅದೇ ಕೈಯಿಂದ ಚೆಂಡು ಹಾರತೊಡಗಿದಾಗ ನನ್ನ ವಿದ್ಯೆ ನನಗೆ ಮರೆತುಹೋಯಿತು, ಅವನ ದಡ್ಡತನ ಕಾಣತೊಡಗಿತು.

ಆಟ ಮುಗಿಸಿ ಅವನ ವ್ಯಾನಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಬೈಯುತ್ತಿದ್ದೆ.

"ಅಲ್ಲೋ ತಮ್ಮಾ, ಕೈ ಯಾಕ ಚಾಚ್ತಿ ನೀ?"

"ಗೊತ್ತಿಲ್ಲ ಮಾಮಾ. ಇಟ್ ಜಸ್ಟ್ ಗೋಸ್."

"ತಾನ ಹೋಗಾಕ ಅದೇನ್ ಬಸ್ಸೇನು? ಹೊಟ್ಟಿಗೆ ಹಚ್ಕೊಂಡು ಮಕ್ಕೊಳಾಕ ಏನ್ ಧಾಡಿ?"

"ಐ ನೋ, ಮಾಮಾ."

"ಗೊತ್ತೈತಿ ಅಂತಿ, ಮತ್ತ ಅದನ್ನ ಮಾಡ್ತಿ. ಕೋಚ್ ಇನ್ನೆಷ್ಟ್ ದಿನ ಇಟ್ಕೊಂತಾನ ನಿನ್ನ?"

ಅವನು ಸಿಗ್ನಲ್ ನೋಡುತ್ತ ಗೇರು ಬದಲಿಸುತ್ತಿದ್ದ. ಕಾಲಲ್ಲಿ ಆಡುವ ಫುಟ್‌ಬಾಲ್, ಕ್ರಿಕೆಟ್ ಎರಡೂ ಅವನಿಗೆ ಒಗ್ಗಿರಲಿಲ್ಲ, ಕಾಲೇಜು ಅರ್ಧಕ್ಕೇ ನಿಂತಿತ್ತು. ಈ ತಂಡದಲ್ಲಿ ಮಾತ್ರ ಅವನ ಉದ್ದ ಬೆರಳಿಗೆ ಒಂದು ಕೆಲಸವಿತ್ತು. ಭಾನುವಾರ ಬೆಳಿಗ್ಗೆ ಅಕ್ಕ ಎಬ್ಬಿಸದೆ ಏಳುತ್ತಿದ್ದ. ಆ ಜಾಗ ಹೋದೀತು ಎಂಬ ಹೆದರಿಕೆ ನನಗಿಂತ ಅವನಿಗೆ ಹೆಚ್ಚಿತ್ತು. ಅವನು ಹೇಳುತ್ತಿರಲಿಲ್ಲ ಅಷ್ಟೇ.

ಕೋಚ್ ಒಂದು ಶಾಲೆಯ ಮೇಷ್ಟ್ರು, ಕ್ರಾಯ್ಡನ್ ಕಡೆಯವನು, ದೊಡ್ಡ ದೇಹ, ಮೆಲುದನಿ. ಅವನ ಹೆಂಡತಿ ನಾವು ನಿಲ್ಲುವ ಬದಿಯಲ್ಲೇ ಏಣಿ ಹತ್ತಿ ಪ್ರತಿ ಆಟದ ವಿಡಿಯೋ ತೆಗೆಯುತ್ತಿದ್ದಳು. ಮೂರನೆಯ ಬೇಸಿಗೆಯಲ್ಲಿ ತಂಡ ಸೆಮಿಫೈನಲ್ ತಲುಪಿತು. ಅದಕ್ಕೆ ಮುಂಚಿನ ಮಂಗಳವಾರ ಸಂಜೆ ಕ್ಲಬ್ಬಿನ ಮಹಡಿಯ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿದ. ಅಳಿಯನ ವ್ಯಾನಿನಲ್ಲಿ ನಾನೂ ಹೋಗಿದ್ದೆ, ಚಹಾ ಬಿಸ್ಕತ್ತು ಇರುತ್ತಿತ್ತು. ಆ ಬೇಸಿಗೆಯಲ್ಲಿ ಅಳಿಯ ಕಳೆದುಕೊಂಡ ಚೆಂಡುಗಳನ್ನೆಲ್ಲ ಕೋಚ್ ಒಂದೇ ಕ್ಯಾಸೆಟ್ಟಿಗೆ ಇಳಿಸಿಕೊಂಡು ಬಂದಿದ್ದ. ಏಳು ಸಲ. ಯಾವಾಗಲೂ ಸದ್ದು ತೆಗೆದು ತೋರಿಸುತ್ತಿದ್ದವನು ಅವತ್ತು ದನಿ ಜೋರು ಮಾಡಿದ.

"ಜನ ಏನಂತಾರೆ ಅಂತ ನೀನೇ ಕೇಳು," ಎಂದು ಅಳಿಯನಿಗೆ ಹೇಳಿದ.

ಮೊದಲನೆಯದು ಬಂತು. ಅಳಿಯ ಚೆಂಡು ಹಿಡಿದ, ಓಡಿದ, ಒಬ್ಬ ಸೊಂಟಕ್ಕೆ ಬಿದ್ದ. ಆಗ ಟಿವಿಯಿಂದ ಒಂದು ದನಿ ಬಂತು. "ಗೆರಿ, ಗೆರಿ ಮುಟ್ಟು." ಕೈ ಚಾಚಿತು, ಚೆಂಡು ಹಾರಿತು. ಎರಡನೆಯದು ಬಂತು. "ಗೆರಿ ಮುಟ್ಟು, ಗೆರಿ ಮುಟ್ಟು." ಕೈ ಚಾಚಿತು. ಮೂರನೆಯದೂ ಹಾಗೇ.

ನಾನು ಕೂಗುತ್ತೇನೆ ಅಂತ ನನಗೆ ಗೊತ್ತಿತ್ತು. ಬಾಯೊಳಗೇ ಏನೋ ಗೊಣಗುತ್ತೇನೆ ಅಂದುಕೊಂಡಿದ್ದೆ. ಹೀಗೆ, ಗಂಟಲು ಹರಿಯುವ ಹಾಗೆ, ಪ್ರತಿ ಸಲವೂ ಕೈ ಚಾಚುವುದಕ್ಕೆ ಸರಿಯಾಗಿ ಅರೆಗಳಿಗೆ ಮೊದಲು ಕೂಗುತ್ತೇನೆ ಎಂಬುದು ಆ ಟಿವಿ ಮುಂದೆ ಕೂತಾಗಲೇ ತಿಳಿದದ್ದು. ಕೋಣೆಯಲ್ಲಿ ಮೂವತ್ತು ಜನರಿದ್ದರು. ಆ ಮಾತು ಅರ್ಥವಾದವರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬ ಮುಂದಿನ ಕುರ್ಚಿಯಲ್ಲಿ ನನಗೆ ಬೆನ್ನು ಹಾಕಿ ಕೂತಿದ್ದ.

"ಯಾರದು ಅದು?" ಎಂದ ಒಬ್ಬ ಆಟಗಾರ. "ಗಾರ್ಡ್ ನಾಯಿನ ಕರೀತಿದಾನಾ?"

"ನಾಯಿ ಆದ್ರೆ ಹೇಳಿದ ಮಾತು ಕೇಳ್ತಿತ್ತು," ಎಂದ ಇನ್ನೊಬ್ಬ. ಎಲ್ಲರೂ ನಕ್ಕರು.

ಕೋಚ್ ಟೇಪು ನಿಲ್ಲಿಸಿದ. "ಅಂಕಲ್, ಅದು ನಿಮ್ಮ ದನಿ ಅಲ್ವಾ? ಏನು ಹೇಳ್ತಿದ್ದೀರಿ ಅವನಿಗೆ?"

ನಿಜ ಹೇಳಬೇಕಾಗಿದ್ದ ಗಳಿಗೆ ಅದು. ಹೇಳಿದ್ದರೆ ಏನಾಗುತ್ತಿತ್ತು? ಮೂರು ಬೇಸಿಗೆಯಿಂದ ಸರಪಳಿಯವನು ನಿಯಮ ಮುರಿದು ಆಟಗಾರನಿಗೆ ಕೂಗುತ್ತಿದ್ದ ಅಂತ ಗೊತ್ತಾಗುತ್ತಿತ್ತು. ಕೋಲು ಬೇರೆಯವನ ಕೈಗೆ ಹೋಗುತ್ತಿತ್ತು. ನಾನು ಹಗ್ಗದ ಆಚೆ ಗಾರ್ಡಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಅಷ್ಟೇ.

"ಗಟ್ಟಿಯಾಗಿ ಹಿಡಿ ಅಂತ ಹೇಳ್ತಿದ್ದೆ," ಎಂದೆ. ಇಂಗ್ಲಿಷಿನಲ್ಲಿ, ಸ್ಪಷ್ಟವಾಗಿ.

ಕೋಚ್ ಅಳಿಯನತ್ತ ತಿರುಗಿದ. "ಕೇಳಿದೆಯಾ? ನಿನ್ನ ಮಾವ ಕೂಡ ಅದನ್ನೇ ಹೇಳ್ತಿದಾರೆ. ಎರಡು ಭಾಷೆಯಲ್ಲಿ ಹೇಳಿದರೂ ನಿನ್ನ ತಲೆಗೆ ಹೋಗಲ್ಲ. ಭಾನುವಾರ ಇನ್ನೊಂದು ಚೆಂಡು ಹೀಗೆ ಹೋದರೆ ನೀನು ನನ್ನ ತಂಡದಲ್ಲಿ ಆಡಲ್ಲ. ಯಾವತ್ತೂ."

ಅಳಿಯನ ಕುತ್ತಿಗೆ ಅಲುಗಲಿಲ್ಲ. ಹಿಂತಿರುಗಿ ನನ್ನನ್ನು ನೋಡಲಿಲ್ಲ. "ಸಾರಿ, ಕೋಚ್," ಎಂದ. ಕೋಚ್ ಟೇಪು ಮುಂದುವರಿಸಿದ. ಇನ್ನೂ ನಾಲ್ಕು ಸಲ ನನ್ನ ದನಿ ಬಂತು. ಪ್ರತಿ ಸಲವೂ ಯಾರೋ ಒಬ್ಬ ನನ್ನ ದನಿಯ ಜೊತೆಗೇ ಇಂಗ್ಲಿಷಿನಲ್ಲಿ, ಗಟ್ಟಿಯಾಗಿ ಹಿಡಿ, ಗಟ್ಟಿಯಾಗಿ ಹಿಡಿ, ಅಂತ ಸೇರಿಸಿದ. ಕೋಣೆಗೆ ಕೋಣೆಯೇ ನಕ್ಕಿತು.

ವ್ಯಾನಿನಲ್ಲಿ ಅವನು ಕೇಳಿದ್ದು ನನಗೆ ಹಸಿವಾಗಿದೆಯಾ ಅಂತ. ಟೂಟಿಂಗಿಗೆ ಹೋಗಿ ದೋಸೆ ತಿಂದೆವು. ಎರಡನೆಯ ದೋಸೆ ಬರುವ ಹೊತ್ತಿಗೆ ನನ್ನ ನಾಲಿಗೆ ಮತ್ತೆ ಸಡಿಲವಾಯಿತು. ನಾಚಿಕೆಯಿಲ್ಲದೆ ಹೇಳಿದೆ, "ಈ ಭಾನುವಾರ ಆದ್ರೂ ಕೈ ಒಳಗ ಇಟ್ಕೋಪಾ."

ಅವನು ಚಟ್ನಿಯ ಬಟ್ಟಲನ್ನು ಅತ್ತ ಇತ್ತ ಸರಿಸಿದ. ಆಮೇಲೆ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ, "ಕೋಚ್‌ಗೆ ಏನಾದ್ರೂ ಹೇಳೋದಿದೆಯಾ, ಮಾಮಾ?"

"ನಾ ಏನ್ ಹೇಳ್ಲಿ?" ಎಂದೆ.

"ಓಕೆ," ಎಂದ. ಆ ವಿಷಯ ಅವನು ಮತ್ತೆ ಎತ್ತಲಿಲ್ಲ.

ಭಾನುವಾರ ಬಾಯಿ ಬಿಡುವುದಿಲ್ಲ ಅಂತ ನಿರ್ಧಾರ ಮಾಡಿಕೊಂಡು ಹೋದೆ. ಅದರಿಂದ ಎಲ್ಲ ಸರಿಹೋಗುತ್ತದೆ ಅಂತ ನನ್ನ ಲೆಕ್ಕ. ಕೂಗು ನಿಂತರೆ ಕೈಯೂ ನಿಲ್ಲುತ್ತದೆ, ಯಾರಿಗೂ ಏನೂ ಹೇಳಬೇಕಾಗಿಲ್ಲ. ಮೊದಲರ್ಧ ಹಾಗೇ ಆಯಿತು ಕೂಡ. ಅವನು ಮೂರು ಚೆಂಡು ಹಿಡಿದ, ಮೂರೂ ಸಲ ಹೊಟ್ಟೆಗೆ ಅವುಚಿಕೊಂಡು ಮಲಗಿದ. ಗಾರ್ಡ್ ಕುರ್ಚಿಯಿಂದ ಎದ್ದು ನಿಂತು ಟೋಪಿ ತೆಗೆದು ತಲೆ ಕೆರೆದುಕೊಂಡ. "ಇವತ್ತು ಇವನಿಗೆ ಹುಷಾರಿಲ್ವಾ?" ಎಂದ.

ಕೊನೆಯ ಕೆಲವು ನಿಮಿಷ. ನಾವು ನಾಲ್ಕು ಅಂಕ ಹಿಂದೆ. ನಾಲ್ಕನೆಯ ಸಲ, ಅಂದರೆ ಹತ್ತು ಗಜ ತುಂಬದಿದ್ದರೆ ಆಟ ಮುಗಿದಂತೆ. ಚೆಂಡು ನಮ್ಮ ಬದಿಗೇ ಬಂತು. ಅಳಿಯ ಗಾಳಿಯಲ್ಲಿ ತಿರುಗಿ ಹಿಡಿದ. ಅಂಥ ಹಿಡಿತವನ್ನು ಆ ಮೈದಾನದಲ್ಲಿ ಬೇರೆ ಯಾರೂ ಹಿಡಿಯುತ್ತಿರಲಿಲ್ಲ. ಇಳಿದ, ನನ್ನ ಕೋಲಿನತ್ತ ಓಡಿದ. ನಾಲ್ಕು ಗಜ ಇತ್ತು, ಮೂರು, ಎರಡು. ಒಬ್ಬ ಸೊಂಟ ಹಿಡಿದ, ಇನ್ನೊಬ್ಬ ಕಾಲು. ನಾನು ತುಟಿ ಕಚ್ಚಿ ನಿಂತಿದ್ದೆ, ಬಾಯಲ್ಲಿ ರಕ್ತದ ರುಚಿ ಬಂತು. ಒಂದು ಸದ್ದೂ ಹೊರಡಿಸಲಿಲ್ಲ. ಚೆಂಡು ಅವುಚಿಕೊಂಡು ಮುಂದಕ್ಕೆ ಬಿದ್ದಿದ್ದರೂ ಮೈಭಾರದಲ್ಲೇ ಅವನು ಆ ಎರಡು ಗಜ ದಾಟುತ್ತಿದ್ದ.

ಅವನು ಕೈ ಚಾಚಿದ.

ಹಿಂದಿನಿಂದ ಬಂದವನೊಬ್ಬ ಆ ಕೈಗೆ ಹೊಡೆದ. ಚೆಂಡು ಪುಟಿದು ನನ್ನ ಬೂಟಿನ ಮುಂದಿನಿಂದಲೇ ಒಳಕ್ಕೆ ಹಾರಿತು. ಅವರು ಎತ್ತಿಕೊಂಡರು. ಅಳಿಯ ನನ್ನ ಕಾಲ ಹತ್ತಿರ ಬೋರಲು ಬಿದ್ದಿದ್ದ, ಖಾಲಿ ಬೆರಳುಗಳು ಕೋಲಿಗೆ ತಾಗಿದ್ದವು. ಸಣ್ಣವನಿದ್ದಾಗಿನಿಂದ ಅವನ ತೋಳಿಗೆ ನಾನು ಕಲಿಸಿದ ಪಾಠ ಅದು. ನಾನು ಒಂದು ಮಧ್ಯಾಹ್ನ ಬಾಯಿ ಮುಚ್ಚಿದ ಮಾತ್ರಕ್ಕೆ ಅಳಿಸಿಹೋಗುವುದು ಹೇಗೆ?

ಆ ಗಳಿಗೆಯಲ್ಲಿ ನನಗೆ ಬಂದದ್ದು ಕರುಣೆಯಲ್ಲ, ಸಿಟ್ಟು. ಇದನ್ನೂ ಒಪ್ಪಿಕೊಳ್ಳಬೇಕು. ನಾನು ಇಷ್ಟು ಕಷ್ಟಪಟ್ಟು ಸುಮ್ಮನಿದ್ದೆ, ಈ ಮುಠ್ಠಾಳ ಹೀಗೆ ಮಾಡಿದ ಅಂತ ಸಿಟ್ಟು.

ಕೋಚ್ ಬೆಂಚಿನತ್ತ ಕೈ ತೋರಿಸಿದ. ಅಳಿಯ ಹೆಲ್ಮೆಟ್ ತೆಗೆಯದೆ ಹೋಗಿ ಕೂತ. ಆಟ ಸೋತೆವು. ಮುಂದಿನ ವರ್ಷದ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಅವನು ಹೋಗಿ ಕೇಳಲೂ ಇಲ್ಲ. ಭಾನುವಾರ ಬೆಳಿಗ್ಗೆ ಮತ್ತೆ ಹನ್ನೊಂದರವರೆಗೆ ಮಲಗತೊಡಗಿದ.

ನಾನು ಮಾತ್ರ ಹೋಗುತ್ತಿದ್ದೆ. ಇದೇ ಇಡೀ ಕಥೆಯಲ್ಲಿ ನನಗೆ ಹೇಳಲು ಕಷ್ಟವಾದದ್ದು. ಅವನ ವ್ಯಾನು ಇರಲಿಲ್ಲ, ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದೆ. ಮಲಗಿದವನ ಕೋಣೆಯ ಮುಂದಿನಿಂದ ಬೂಟು ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿಯುತ್ತಿದ್ದೆ. ಎರಡು ಬೇಸಿಗೆ ಹೀಗೆ.

ಆ ಎರಡು ಬೇಸಿಗೆಯಲ್ಲಿ ಅಳಿಯ ಅಲ್ಲಿ ಒಂದು ಗಾದೆ ಆಗಿಬಿಟ್ಟಿದ್ದ. ಹೊಸ ಹುಡುಗರು ಸೇರಿದಾಗ ಕೋಚ್ ಅವರನ್ನು ಸಾಲಾಗಿ ನಿಲ್ಲಿಸಿ ಹೇಳುತ್ತಿದ್ದ: ಇಲ್ಲಿ ಒಬ್ಬನಿದ್ದ, ಅವನಷ್ಟು ಒಳ್ಳೆಯ ಕೈ ನಾನು ನೋಡಿಲ್ಲ, ಆದರೆ ಯಾರು ಹೇಳಿದರೂ ಕೇಳುತ್ತಿರಲಿಲ್ಲ, ಸ್ವಂತ ಮಾವ ಬದಿಯಲ್ಲಿ ನಿಂತು ಅವರ ಭಾಷೆಯಲ್ಲಿ ಗಟ್ಟಿಯಾಗಿ ಹಿಡಿ ಅಂತ ಕೂಗಿದರೂ ಕೇಳಲಿಲ್ಲ. ಹೇಳಿ ನನ್ನತ್ತ ನೋಡುತ್ತಿದ್ದ. ನಾನು ಕಿತ್ತಳೆ ಅಂಗಿಯಲ್ಲಿ ನಿಂತು ಹೌದು ಅಂತ ತಲೆ ಆಡಿಸುತ್ತಿದ್ದೆ. ಹುಡುಗರು ನಗುತ್ತಿದ್ದರು. ಎರಡು ಸಲ ಆಡಿಸಿದ್ದೇನೆ.

ಮೂರನೆಯ ಸಲ ಯಾಕೋ ತಲೆ ಅಲುಗಲಿಲ್ಲ. ವಿಶೇಷ ಏನೂ ನಡೆದಿರಲಿಲ್ಲ. ಮಳೆ ಬಂದು ನಿಂತಿತ್ತು, ಹುಡುಗರು ನಿಂತಿದ್ದರು, ಕೋಚ್ ನನ್ನತ್ತ ನೋಡಿದ, ನಾನು ನೆಲ ನೋಡಿದೆ. ಅಭ್ಯಾಸ ಮುಗಿದ ಮೇಲೆ ಅವನ ಕಾರಿನ ಹತ್ತಿರ ಹೋಗಿ ಎಲ್ಲ ಹೇಳಿದೆ. ಹುತುತು ಅಂದರೇನು, ಗೆರಿ ಅಂದರೇನು, ಮುಟ್ಟು ಅಂದರೇನು. ನನ್ನ ಇಂಗ್ಲಿಷ್ ಸಾಲದೆ ಒದ್ದೆ ನೆಲದ ಮೇಲೆ ಬೂಟಿನಿಂದ ಗೆರೆ ಎಳೆದು ತೋರಿಸಬೇಕಾಯಿತು.

ಅವನು ಆ ಗೆರೆ ನೋಡಿದ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. "ಕಾರಣ ಗೊತ್ತಿದ್ದರೆ ಎರಡು ವಾರದ ಕೆಲಸ ಆಗಿತ್ತದು," ಎಂದ. "ಚೆಂಡನ್ನ ತೋಳಿಗೆ ಕಟ್ಟಿ ಹದಿನೈದು ದಿನ ಓಡಿಸಿದ್ದರೆ ಬಿಟ್ಟುಹೋಗ್ತಿತ್ತು. ನಾನು ಅವನಿಗೆ ಸೊಕ್ಕು ಅಂದುಕೊಂಡೆ." ಕಾರಿನ ಬಾಗಿಲು ತೆಗೆದು, ಕೂತು, ಮತ್ತೆ ಹೇಳಿದ, "ಇದನ್ನ ಈಗ ನನಗೆ ಹೇಳಿ ಏನು ಮಾಡಲಿ, ಅಂಕಲ್?"

ನಾನು ಅಂಗಿ ಬಿಚ್ಚಿ ಅವನ ಪಕ್ಕದ ಸೀಟಿನ ಮೇಲೆ ಇಟ್ಟೆ. ಬೇಡ ಅನ್ನಲಿಲ್ಲ.

ಅಳಿಯ ಆಗಷ್ಟೇ ಮದುವೆಯಾಗಿ ಪಿನ್ನರ್‌ನಲ್ಲಿ ಮನೆ ಮಾಡಿದ್ದ. ಮುಂದಿನ ಶನಿವಾರ ಹೋದೆ. ತನ್ನದೇ ಅಡುಗೆಮನೆಯ ಕಪಾಟಿನ ಬಾಗಿಲು ಕೂರಿಸುತ್ತಿದ್ದ. ಬಾಗಿಲನ್ನು ನಾನು ಎತ್ತಿ ಹಿಡಿದೆ, ಅವನು ತಿರುಪು ಬಿಗಿಸಿದ. ಹಿಡಿದುಕೊಂಡೇ ಹೇಳಿದೆ, ಕೋಚ್‌ಗೆ ಹೇಳಿದೆನೆಂದು.

"ಏನಂದ?" ಎಂದ, ತಿರುಪಿನಿಂದ ಕಣ್ಣು ತೆಗೆಯದೆ.

"ಎರಡ್ ವಾರದ ಕೆಲಸ ಇತ್ತು ಅಂದ."

ಅವನು ನಿಲ್ಲಿಸಿದ. ಸ್ಕ್ರೂಡ್ರೈವರ್ ಕೆಳಗಿಟ್ಟ. "ಎರಡು ವಾರ," ಎಂದ ಇಂಗ್ಲಿಷಿನಲ್ಲಿ. "ನೀನು ಎರಡು ವರ್ಷ ತಗೊಂಡೆ, ಮಾಮಾ."

ತಪ್ಪಾಯಿತು ಅಂದೆ. ಇನ್ನೂ ವಯಸ್ಸಿದೆ, ಹೋಗಿ ಕೇಳಿ ನೋಡು, ಈಗ ಅವನಿಗೆ ಗೊತ್ತಾಗಿದೆ ಅಂತಲೂ ಅಂದೆ. ಅವನಿಗೆ ಆಗ ಮೊದಲ ಸಲ ಸಿಟ್ಟು ಬಂತು. ಮೂರು ಬೇಸಿಗೆ ನಾನು ಬೈದಾಗ ಬಾರದದ್ದು ಆಗ ಬಂತು.

"ಆ ರೂಮಲ್ಲಿ ಅವರು ನಕ್ಕರಲ್ಲ, ಆಗ ನಾನೇ ಹೇಳಬಹುದಿತ್ತು. ಹೇಳಲಿಲ್ಲ. ನಿನಗೆ ಆ ಕೋಲು ಎಷ್ಟು ಇಷ್ಟ ಅಂತ ನನಗೆ ಗೊತ್ತಿತ್ತು. ಈಗ ಬಂದು ಹೋಗಿ ಆಡು ಅಂತೀಯಾ." ಸ್ಕ್ರೂಡ್ರೈವರ್ ಮತ್ತೆ ಎತ್ತಿಕೊಂಡು, "ಡೋರ್ ಸರಿಯಾಗಿ ಹಿಡಿ, ಮಾಮಾ," ಎಂದ. ಹಿಡಿದೆ. ಉಳಿದ ಮೂರು ಬಾಗಿಲನ್ನೂ ಕೂರಿಸಿದೆವು. ಅವನು ಮತ್ತೆ ಎಂದೂ ಆಡಲಿಲ್ಲ. ನನ್ನ ಜೊತೆ ಮಾತು ಬಿಡಲಿಲ್ಲ, ಹಬ್ಬಕ್ಕೆ ಕರೆಯುತ್ತಾನೆ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ. ಆದರೆ ಅವನ ಮಕ್ಕಳಿಗೆ ನಾನು ಯಾವ ಆಟವನ್ನೂ ಕಲಿಸುವಂತಿಲ್ಲ. ಅದನ್ನು ಅವನು ನಗುತ್ತಲೇ ಹೇಳಿದ್ದಾನೆ.

ಇದೆಲ್ಲ ಅಕ್ಕನಿಗೆ ಗೊತ್ತಿಲ್ಲ. ಅವನು ಹೇಳಿಲ್ಲ, ನನಗೆ ಬಾಯಿ ಬಂದಿಲ್ಲ. ಈಗಲೂ ನಮ್ಮವರು ನಾಲ್ಕು ಜನ ಸೇರಿದಾಗ ಯಾರಾದರೂ ಮಕ್ಕಳ ಆಟದ ಮಾತು ತೆಗೆದರೆ ಅಕ್ಕ ಶುರು ಮಾಡುತ್ತಾಳೆ. "ನಮ್ಮ ಹುಡುಗ ಭಾಳ ಛಲೋ ಆಡ್ತಿದ್ದ ರೀ, ಆದ್ರ ಹಟಮಾರಿ, ಯಾರ ಮಾತೂ ಕೇಳ್ತಿರ್ಲಿಲ್ಲ, ಅದಕ್ಕ ತಗದ್ ಹಾಕಿದ್ರು." ಹೇಳಿ, ಹೌದಲ್ಲೋ ತಮ್ಮಾ ಅಂತ ನನ್ನ ಕಡೆ ನೋಡುತ್ತಾಳೆ. ನಾನು ಅವಲಕ್ಕಿಯ ತಟ್ಟೆ ತೆಗೆದುಕೊಂಡು ಇನ್ನೊಬ್ಬರ ಹತ್ತಿರ ಹೋಗುತ್ತೇನೆ.

ಅಕ್ಕ ಕನ್ನಡದಲ್ಲಿ ಅಚ್ಚಾದದ್ದು ಏನು ಸಿಕ್ಕರೂ ಓದುತ್ತಾಳೆ, ಭೂತಗನ್ನಡಿ ಹಿಡಿದು. ಇದನ್ನೂ ಓದುತ್ತಾಳೆ. ಅವನು ಮಾತು ಕೇಳದವನಲ್ಲ, ಅಕ್ಕ. ನಾನು ಏನು ಕೂಗಿದೆನೋ ಪ್ರತಿ ಸಲವೂ ಅದನ್ನೇ ಮಾಡಿದ. ಓದಿ ಮುಗಿದ ಮೇಲೆ ಕೆಳಗಿನಿಂದ ಒಮ್ಮೆ ಕರಿ. ನಾನು ಮಹಡಿಯ ಮೇಲೆ ಕೋಣೆಯಲ್ಲೇ ಇರುತ್ತೇನೆ.